ಬೋಟಿಗೆ ಮರಳಿದ ಬ್ಯಾಟರಿ

ಜೂನ್ ೧೮
ಇವತ್ತೂ ತದಡಿ ಶಾಲೆಗೆ ಹೋದೆ. ನೆರೆ ಬಂದರೆ ಕಾಳಜಿ ಕೇಂದ್ರ ಅದೇ. ಅಲ್ಲಿಯ ಕರೆಂಟಿನ ವ್ಯವಸ್ಥೆ ಪಂಚಾಯ್ತಿಯವರು ನನ್ನ ತಲೆಗೆ ಕಟ್ಟಿದ್ದಾರೆ. ಮೀನುಗಾರಿಕೆಗೆ ಬ್ಯಾನ್ ಇದೆಯಲ್ಲ — ಬೋಟುಗಳು ದಡದಲ್ಲಿ, ಬ್ಯಾಟರಿಗಳು ಮನೆಗಳಲ್ಲಿ ಸುಮ್ಮನೆ ಕೂತಿವೆ. ತಮ್ಮ ವಿನೋದನ ಬೋಟಿನದನ್ನೇ ಮೊದಲು ತರಿಸಿ ಇನ್ವರ್ಟರಿಗೆ ಜೋಡಿಸಿದೆ. ಎಲ್ಲರೂ ಹೊಗಳಿದರು. ನಿಜ ಹೇಳಬೇಕೆಂದರೆ ಅಪ್ಪನಿಗಾಗಿ ಮಾಡಿದ್ದು. ಕರೆಂಟು ಹೋಗಿ ಅವನ ಆಕ್ಸಿಜನ್ ಮೆಷಿನ್ ನಿಂತರೆ... ಬೇಡ, ಬರೆಯುವುದಿಲ್ಲ.

ಜುಲೈ ೧೨
ಅಘನಾಶಿನಿ ಉಕ್ಕಿ ಮನೆಯೊಳಗೆ ನೀರು. ಎಲ್ಲರೂ ಶಾಲೆಗೆ. ಊರಿಗೆಲ್ಲ ಕರೆಂಟಿಲ್ಲ, ಇಲ್ಲಿ ಅಪ್ಪನ ಮೆಷಿನ್ ನಡೆಯಿತು. ಮೊಬೈಲ್ ಚಾರ್ಜಿಗೆ ಬಂದವರನ್ನು ಪಕ್ಕದ ಮನೆಯ ಗಂಗಿ ಬೈದು ಓಡಿಸಿದಳು. "ಗಣಪಣ್ಣನ ಉಸ್ರು ಮೊದ್ಲು, ನಿಮ್ಮ ವಾಟ್ಸಾಪ್ ಆಮೇಲೆ!" ಅಪ್ಪನೂ ನಕ್ಕ.

ಜುಲೈ ೩೧
ನಾಳೆಯಿಂದ ಬೋಟುಗಳು ಕಡಲಿಗೆ. ಒಬ್ಬೊಬ್ಬರೇ ಬಂದು ಬ್ಯಾಟರಿ ಒಯ್ದರು. ಆಗಲೇ ಹೊಳೆದದ್ದು — ಬ್ಯಾನ್ ಮುಗಿಯಿತು, ಮಳೆ ಎಲ್ಲಿ ಮುಗಿಯಿತು? ಇಷ್ಟೂ ಯೋಚಿಸದೆ ಪ್ಲಾನ್ ಮಾಡಿದ ನನ್ನ ಬುದ್ಧಿಗಿಷ್ಟು. ನಿನ್ನದನ್ನಾದರೂ ಬಿಟ್ಟುಹೋಗು ಎಂದು ವಿನೋದನಿಗೆ ಹೇಳಿದೆ. ಅಪ್ಪನೇ ಒಪ್ಪಲಿಲ್ಲ.
"ಎರಡು ತಿಂಗ್ಳು ಖಾಲಿ ಕೂತಂವ ಅಂವ. ಬೋಟು ದಡಕ್ಕೆ ಕಟ್ಟಿ ನನ್ನ ಸಾಕೂದು ಎಂತಕ್ಕೆ ಮಗಾ? ತಕಂಡು ಹೋಗ್ಲಿ."
ಬಾಡಿಗೆಗೆ ಜನರೇಟರ್ ಗೊತ್ತು ಮಾಡಿದೆ. ಹೊನ್ನಾವರದಿಂದ ಬರಬೇಕು.

ಆಗಸ್ಟ್ ೬, ಬೆಳಿಗ್ಗೆ
ಮತ್ತೆ ನೆರೆ, ಮತ್ತೆ ಶಾಲೆ. ಕರೆಂಟಿಲ್ಲ. ಹಳದೀಪುರದ ಹತ್ತಿರ ರಸ್ತೆ ಮುಳುಗಿ ಜನರೇಟರ್ ಅಲ್ಲೇ ನಿಂತಿದೆ. ಕುಮಟೆಯ ದಾರಿಯೂ ಬಂದ್, ಆಂಬುಲೆನ್ಸ್ ಬರುವಂತಿಲ್ಲ. ಇದ್ದ ಒಂದೇ ಆಕ್ಸಿಜನ್ ಸಿಲಿಂಡರ್ ಅಪ್ಪನಿಗೆ ಹಚ್ಚಿದ್ದೇವೆ. ಗಾಳಿ ಎದ್ದು ವಿನೋದನ ಬೋಟು ಹೊನ್ನಾವರ ಬಂದರಿನಲ್ಲಿ ಸಿಕ್ಕಿಕೊಂಡಿದೆ. ಫೋನು ಮಾಡಿದ. "ಅಕ್ಕಾ, ಬ್ಯಾಟರಿ ಬಿಚ್ಚಿ ತಕಂಡು ಬರ್ತೆ. ಅಪ್ಪಂಗೆ ಹೇಳು."
ಹೇಳಿದೆ. ಅಪ್ಪ ಬಾಗಿಲನ್ನೇ ನೋಡುತ್ತಿದ್ದಾನೆ.

ಮಧ್ಯಾಹ್ನ
ಸಿಲಿಂಡರ್ ಮುಗಿಯಿತು. ಬೆನ್ನು ನೀವುತ್ತ ಕೂತಿದ್ದೇನೆ. ಬೇರೇನೂ...

ಆಗಸ್ಟ್ ೯
ಅಪ್ಪ ಇಲ್ಲ. ಆರರ ಮಧ್ಯಾಹ್ನವೇ ಹೋದ.
ಅವತ್ತು ಸಂಜೆ ವಿನೋದ ಬಂದ. ರಸ್ತೆ ಮುಳುಗಿದಲ್ಲೆಲ್ಲ ಸೊಂಟದವರೆಗಿನ ನೀರಲ್ಲಿ ಬ್ಯಾಟರಿ ತಲೆಯ ಮೇಲೆ ಹೊತ್ತು ನಡೆದಿದ್ದ. "ಎಲ್ಲಿಡ್ಲಿ ಅಕ್ಕಾ?" ಅಂದ. ಅಪ್ಪನ ಕಡೆ ಕೈ ತೋರಿಸಿದೆ. ಆಮೇಲೆ ನಾವಿಬ್ಬರೇ ಜೋಡಿಸಿದೆವು. ಶಾಲೆಗೆಲ್ಲ ಬೆಳಕು ಬಂತು, ಮಕ್ಕಳು ಹೋ ಎಂದು ಕೂಗಿದವು. ಆ ಕೂಗು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

ಆಗಸ್ಟ್ ೨೨
ಮತ್ತೆ ಮಳೆಯ ಅಲರ್ಟ್. ಜನರೇಟರ್ ಈಗ ಶಾಲೆಯಲ್ಲೇ ಇದೆ, ಡೀಸೆಲ್ಲೂ ತರಿಸಿದೆ. ವಿನೋದ ಇನ್ನೂ ಕಡಲಿಗೆ ಹೋಗಿಲ್ಲ. ಬ್ಯಾಟರಿ ಒಯ್ದು ಬೋಟು ಕಡಲಿಗಿಳಿಸು ಎಂದೆ.
"ಶಾಲೆಲೇ ಇರ್ಲಿ ಅಕ್ಕಾ."
ಇನ್ನು ಯಾರಿಗಾಗಿ ಎಂದು ಕೇಳಲು ಬಾಯಿ ತೆರೆದೆ. ಅವನ ಮುಖ ನೋಡಿ, ಬ್ಯಾಟರಿಯ ತಂತಿ ಬಿಚ್ಚದೆ ಹಾಗೇ ಬಿಟ್ಟೆ.