ಮ್ಯೂಸಿಕ್ ಇಲ್ಲದ ವೀಡಿಯೊ

ಸುಳ್ಯ
10 ನವೆಂಬರ್ 2024

ಪ್ರೀತಿಯ ವಿಷ್ಣುಪ್ರಸಾದ,

ನೀನು, ಅಮ್ಮ, ಮಗಳು ಚಿನ್ಮಯೀ ಎಲ್ಲ ಸೌಖ್ಯವೆಂದು ತಿಳಿಯುತ್ತೇನೆ. ನಿನ್ನ ನಾಲ್ಕು ಮೆಸೇಜುಗಳಿಗೆ ಎರಡು ತಿಂಗಳಿಂದ ಉತ್ತರ ಹಾಕಿಲ್ಲ. ಬೇಜಾರು ಮಾಡಬೇಡ. ಕೆಲಸ ಜಾಸ್ತಿ ಎಂದು ಸುಳ್ಳು ಹೇಳುವುದಿಲ್ಲ, ಹಾಕಬಾರದೆಂದೇ ಹಾಕಲಿಲ್ಲ. ಫೋನು ಮಾಡಿದರೆ ನೀನು ಮಧ್ಯೆ ಬಾಯಿ ಹಾಕುತ್ತಿ, ನನಗೆ ಹೇಳಬೇಕಾದದ್ದು ತಪ್ಪಿಹೋಗುತ್ತದೆ. ಈ ಕಾಲದಲ್ಲಿ ಕಾಗದ ಬರೆಯುವುದನ್ನು ನೋಡಿ ಹೆಂಡತಿ ಭವಿತಾ ನಕ್ಕಳು. ಯಾರಿಗೆ ಎಂದು ಕೇಳಿದಳು. ಹೇಳಿದೆ. ಆಮೇಲೆ ನಗಲಿಲ್ಲ.

ನಮ್ಮ ಕಡೆ ವಿಶೇಷವೇನಿಲ್ಲ. ಆಂಬುಲೆನ್ಸಿಗೆ ಹೊಸ ಟಯರ್ ಬಂದಿದೆ. ಮೊನ್ನೆ ಸಂಪಾಜೆ ಘಾಟಿಯಲ್ಲಿ ಲಾರಿ ಮಗುಚಿ ಇಬ್ಬರಿಗೆ ಪೆಟ್ಟಾಗಿತ್ತು. ಇಬ್ಬರೂ ಬದುಕಿದ್ದಾರೆ. ಈಗ ನನ್ನನ್ನು ಕಂಡರೆ ಜನ ಕೈಕುಲುಕುತ್ತಾರೆ, ಫೋಟೋ ತೆಗೆಯುತ್ತಾರೆ. ಎಲ್ಲ ನಿನ್ನ ವೀಡಿಯೊದ ದಯೆ.

ಅದನ್ನು ಏಳು ಸಲ ನೋಡಿದೆ. ‘ಹಾಲಿವುಡ್ ಆಕ್ಷನ್ ಸಿನಿಮಾ ಯಾಕೆ ನೋಡಬೇಕು?’ ಒಳ್ಳೆಯ ಹೆಸರು. ಮೊದಲ ಹತ್ತು ನಿಮಿಷ ನೀನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಥ್ರಿಲ್ಲರಿನಲ್ಲಿ ಗಡಿಯಾರವೇ ವಿಲನ್ ಎಂದೆ. ನಾಯಕ ನಮ್ಮ ನಿಮ್ಮಂಥವನೇ ಆಗಿರಬೇಕು, ಅವನಿಗೂ ಹೆದರಿಕೆ ಇರಬೇಕು ಎಂದೆ. ಗೆಲ್ಲುತ್ತಾನೆಂದು ಮೊದಲೇ ಗೊತ್ತಿದ್ದರೂ ನಾವು ಉಸಿರು ಬಿಗಿಹಿಡಿಯುತ್ತೇವಲ್ಲ, ಅದಕ್ಕೇ ನೋಡಬೇಕು ಎಂದೆ. ಪಿಯುಸಿಯಲ್ಲಿ ಕ್ಲಾಸು ತಪ್ಪಿಸಿ ಪುತ್ತೂರಿನ ಥಿಯೇಟರಿನಲ್ಲಿ ಕೂತು ನಾವಿಬ್ಬರೂ ಕಟ್ಟಿದ ಮಾತುಗಳೇ ಅವು. ಇಂಗ್ಲಿಷು ನಿನಗೂ ಅರ್ಥವಾಗುತ್ತಿರಲಿಲ್ಲ, ನನಗೂ ಇಲ್ಲ. ನನಗೆ ಆ ಸಿನಿಮಾಗಳಲ್ಲಿ ಕೈಗಳು ಇಷ್ಟ. ಬಾಂಬಿನ ವಯರು ಬಿಡಿಸುವವನ ಕೈ, ಸ್ಟೇರಿಂಗ್ ಹಿಡಿದವನ ಕೈ. ಕೆಲಸ ಬಲ್ಲವನ ಕೈಯನ್ನು ಅಷ್ಟು ಹತ್ತಿರದಿಂದ ಬೇರೆ ಯಾರೂ ತೋರಿಸಿರಲಿಲ್ಲ. ನಾನು ಡ್ರೈವರ್ ಆದದ್ದು ಅದನ್ನು ನೋಡಿಯೇ.

ಒಂದು ನೆನಪುಂಟಾ? ನಾಯಕ ಕಾರು ಓಡಿಸುವಾಗ ಅಡ್ಡ ಬಂದ ಇನ್ನೊಂದು ಕಾರು ಸೇತುವೆಯಿಂದ ಕೆಳಗೆ ಬಿತ್ತು. ಹೊರಗೆ ಬಂದ ಮೇಲೆ ನಾನು ಕೇಳಿದೆ: "ಅಲ್ಲ ಮಾರಾಯ, ಆ ಕಾರಲ್ಲಿ ಇದ್ದವನಿಗೆ ಎಂತ ಆಯಿತು?" ನೀನು ಹೊಟ್ಟೆ ಹಿಡಿದು ನಕ್ಕೆ. "ಅವ ಕಥೆಯಲ್ಲಿ ಇಲ್ಲ ಮಾರಾಯ!" ನಾನೂ ನಕ್ಕೆ. ಈಗ ನಗು ಬರುವುದಿಲ್ಲ. ಬಿದ್ದವನ ಕಡೆ ಒಂದು ಸಲವಾದರೂ ತಿರುಗಿ ನೋಡದ ಸಿನಿಮಾ ಎಷ್ಟೇ ಜೋರಾಗಿ ಓಡಿದರೂ ನನಗೆ ಬೇಡ.

ಹನ್ನೊಂದನೇ ನಿಮಿಷದಲ್ಲಿ ನೀನು "ನಮ್ಮೂರಿನ ನಿಜವಾದ ಥ್ರಿಲ್ಲರ್" ಎಂದು ಹೇಳಿ ನಮ್ಮ ಆಂಬುಲೆನ್ಸನ್ನು ತಂದೆ.

ಫೆಬ್ರವರಿಯ ಆ ಮಧ್ಯಾಹ್ನ ಫಾತಿಮತ್ ಝುಹ್ರಾಳ ಎಂಟು ತಿಂಗಳ ಮಗಳು ಸುಹಾನಾಳನ್ನು ಸುಳ್ಯದಿಂದ ಮಂಗಳೂರಿಗೆ ಮುಟ್ಟಿಸಬೇಕಿತ್ತು. ಹೃದಯದ ತೊಂದರೆ, ತುಟಿ ನೀಲಿಯಾಗಿತ್ತು. ದಾರಿ ಬಿಡಿಸಲಿಕ್ಕೆ ಫೇಸ್‌ಬುಕ್ಕಿನಲ್ಲಿ ಲೈವ್ ಹೋಗು ಎಂದು ನಿನಗೆ ಫೋನು ಮಾಡಿದವನು ನಾನೇ. ಆ ಹೊತ್ತಿಗೆ ನೀನು ಸುಳ್ಯದಲ್ಲೇ ಇದ್ದೆ. ಓಡಿ ಬಂದು ಮುಂದಿನ ಸೀಟಿನಲ್ಲಿ ಕೂತೆ, ಹಿಂದೆ ಒಂದು ಸಣ್ಣ ಕ್ಯಾಮೆರಾ ಅಂಟಿಸಿದೆ. ನಿನ್ನ ಲೈವ್ ನೋಡಿ ಜಾಲ್ಸೂರಿನಿಂದ ಬಿ.ಸಿ. ರೋಡಿನವರೆಗೆ ಜನ ರಸ್ತೆಗಿಳಿದು ವಾಹನ ನಿಲ್ಲಿಸಿದರು. ಆ ಉಪಕಾರವನ್ನು ಅಲ್ಲವೆನ್ನುವುದಿಲ್ಲ. ಹೆಚ್ಚುಕಡಿಮೆ ಎರಡು ಗಂಟೆಯ ದಾರಿ, ಒಂದೂಕಾಲು ಗಂಟೆಯಲ್ಲಿ ಮುಟ್ಟಿದೆವು.

ನಿನ್ನ ವೀಡಿಯೊದಲ್ಲಿ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ, ಡಾಕ್ಟರು ಓಡಿ ಬರುತ್ತಾರೆ, ಮ್ಯೂಸಿಕ್ ಏರುತ್ತದೆ, ‘ಪುಟ್ಟ ಜೀವ ಗೆದ್ದಿತು’ ಎಂದು ಅಕ್ಷರ ಬರುತ್ತದೆ.

ಮಗು ಆರನೇ ದಿನ ತೀರಿಕೊಂಡಿತು. ಅವತ್ತೇ ನಿನಗೆ ಫೋನಿನಲ್ಲಿ ಹೇಳಿದ್ದೆ. ನೀನು ವೀಡಿಯೊ ಹಾಕಿದ್ದು ಜುಲೈಯಲ್ಲಿ. ನಾನು ಕೇಳಿದಾಗ ಏನು ಹೇಳಿದೆ, ನೆನಪು ಮಾಡಿಕೋ: "ನಾವು ಮುಟ್ಟಿದ್ದು ಸುಳ್ಳಾ? ಅಲ್ಲಿಗೆ ನಮ್ಮ ಕಥೆ ಮುಗೀತದೆ. ಜನರಿಗೆ ಒಳ್ಳೆ ಎಂಡಿಂಗ್ ಬೇಕು ಜೆಪಿ, ಸತ್ತದ್ದು ಹಾಕಿದರೆ ಯಾರು ನೋಡ್ತಾರೆ?"

ಸೆಪ್ಟೆಂಬರಿನಲ್ಲಿ ಝುಹ್ರಾ ತನ್ನ ಅತ್ತೆ ಮೈಮೂನಮ್ಮನನ್ನು ಕರೆದುಕೊಂಡು ನಮ್ಮ ಸ್ಟ್ಯಾಂಡಿಗೆ ಬಂದಳು. ನಾನು ಗಾಡಿ ತೊಳೆಯುತ್ತಿದ್ದೆ. ಮೈಮೂನಮ್ಮ ನಿಂತಲ್ಲಿಂದಲೇ ಶುರು ಮಾಡಿದರು: "ಮದುವೆಗೆ ಹೋದರೆ ಕೇಳ್ತಾರೆ, ಮಗು ಈಗ ನಡೀತದಾ ಅಂತ. ನಾವು ಎಂತ ಹೇಳುದು? ಒಂದೊಂದು ಸಲವೂ ಹೊಸತಾಗಿ ಹೇಳಬೇಕು. ಅದನ್ನು ತೆಗೀಲಿಕ್ಕೆ ಹೇಳಿ ನಿಮ್ಮ ದೋಸ್ತಿಗೆ."

ನಾನು ತಲೆತಗ್ಗಿಸಿ ಆಗಲಿ ಎಂದೆ. ಆಗ ಝುಹ್ರಾ ಮೈಮೂನಮ್ಮನ ಕೈ ಹಿಡಿದಳು.

"ಬೇಡ ಉಮ್ಮಾ." ಮತ್ತೆ ನನ್ನ ಕಡೆ ತಿರುಗಿದಳು. "ತೆಗೆಸಬೇಡಿ ಅಣ್ಣ. ಅದರಲ್ಲಿ ಅವಳು ಅಳುದು ಕೇಳ್ತದೆ. ನನ್ನ ಮೊಬೈಲಲ್ಲಿ ಅವಳ ಫೋಟೋ ಉಂಟು, ಸ್ವರ ಇಲ್ಲ. ಆದರೆ ಸ್ವಲ್ಪ ಕೇಳುವಾಗಲೇ ಮ್ಯೂಸಿಕ್ ಬರ್ತದೆ. ಮ್ಯೂಸಿಕ್ ಇಲ್ಲದ್ದು ಅವರ ಹತ್ತಿರ ಇರಬಹುದಲ್ಲ? ಅದು ಒಂದು ಕೊಡ್ತಾರಾ ಕೇಳಿ."

ವಿಷ್ಣು, ನನ್ನ ಕೈಯಲ್ಲಿದ್ದ ಪೈಪಿನಿಂದ ನೀರು ಹಾಗೇ ಹರಿಯುತ್ತಿತ್ತು. ಅವಳ ಚಪ್ಪಲಿ ಒದ್ದೆಯಾದದ್ದೂ ನನಗೆ ಗೊತ್ತಾಗಲಿಲ್ಲ.

ಅವತ್ತೇ ನಿನಗೆ ಫೋನು ಮಾಡಿದೆ. "ಹಾರ್ಡ್ ಡಿಸ್ಕ್ ಹುಡುಕಬೇಕು" ಎಂದೆ ನೀನು. ಮರುವಾರ ಮಾಡಿದಾಗ, "ಅದನ್ನು ಕೊಟ್ಟರೆ ಎಲ್ಲಿಗೆಲ್ಲ ಹೋಗ್ತದೋ, ನಂತರ ನಮಗೇ ತಲೆನೋವು" ಎಂದೆ. ಕೊನೆಗೆ ಒಂದು ಮಾತು ಹೇಳಿದೆಯಲ್ಲ: "ಆ ಹುಡುಗಿ ವೀಡಿಯೊ ನೋಡಿ ಅಳುದನ್ನೇ ಒಂದು ಪಾರ್ಟ್ ಟು ಮಾಡಬಹುದು, ಅವಳು ಒಪ್ಪುತ್ತಾಳಾ ಕೇಳು." ಆಮೇಲೆ ನಾನು ನಿನ್ನ ಫೋನು ಎತ್ತಲಿಲ್ಲ. ಮೂವತ್ತು ವರ್ಷದ ಸ್ನೇಹದಲ್ಲಿ ನಿನಗೆ ಕೆಟ್ಟ ಮಾತು ಬೈದವನಲ್ಲ ನಾನು. ಅವತ್ತು ಫೋನಿಟ್ಟ ಮೇಲೆ ಬೈದೆ, ತುಳುವಿನಲ್ಲಿ, ಜೋರಾಗಿ. ಪಕ್ಕದ ರಿಕ್ಷಾದವರು ತಿರುಗಿ ನೋಡಿದರು.

ಝುಹ್ರಾ ಆಮೇಲೆ ಎರಡು ಸಲ ಬಂದು ಹೋಗಿದ್ದಾಳೆ. ಏನೂ ಕೇಳುವುದಿಲ್ಲ. "ಇಲ್ಲಿಯೇ ಹೋಗ್ತಾ ಇದ್ದೆ ಅಣ್ಣ" ಎನ್ನುತ್ತಾಳೆ. ಅವಳ ಮನೆಯ ದಾರಿ ಈ ಕಡೆ ಅಲ್ಲ.

ನೀನು ನಿನ್ನ ಚಾನೆಲ್ ನಡೆಸು, ಯಾವ ಸಿನಿಮಾ ಯಾಕೆ ನೋಡಬೇಕು ಎಂದು ಬೇಕಾದಷ್ಟು ಹೇಳು, ನಿನ್ನ ಮಾತಿನಲ್ಲಿ ಹುರುಪುಂಟು. ಆದರೆ ಹಿಂದಿನ ಕ್ಯಾಮೆರಾದಲ್ಲಿ ಸಿಕ್ಕಿದ್ದನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಪುತ್ತೂರಿನಿಂದ ಬರುವ ಬಸ್ಸಿನಲ್ಲಿ ಕೊಟ್ಟು ಕಳಿಸು, ಕಂಡಕ್ಟರಿಗೆ ನನ್ನ ನಂಬರು ಹೇಳು. ನೀನು ಬರಬೇಕೆಂದಿಲ್ಲ. ಬಂದರೆ ನಿನ್ನ ಮುಖ ನೋಡಿ ನನಗೆ ಹಳೆಯದೆಲ್ಲ ನೆನಪಾಗುತ್ತದೆ, ಸಿಟ್ಟು ಇಳಿದುಬಿಡುತ್ತದೆ. ಅದು ಈಗಲೇ ಇಳಿಯುವುದು ನನಗೆ ಬೇಡ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಚಿನ್ಮಯೀಗೆ ನೂರು ಕಾಲ ಆರೋಗ್ಯ ಇರಲಿ, ಅವಳ ಅಳು, ನಗು ಎಲ್ಲ ನಿನ್ನ ಕಿವಿಯ ಹತ್ತಿರವೇ ಇರಲಿ. ಈ ಹಾರೈಕೆಯನ್ನು ಸಿಟ್ಟಿನಲ್ಲಿ ಬರೆದದ್ದಲ್ಲ.

ನಿನ್ನ
ಜಯಪ್ರಕಾಶ್

ಮರೆತ ಮಾತು: ಮರೆತದ್ದಲ್ಲ, ಬರೆಯಲಿಕ್ಕೆ ಧೈರ್ಯ ಬಂದಿರಲಿಲ್ಲ. ಕುಂಬ್ರ ದಾಟಿದ ಮೇಲೆ ನೀನು ಲೈವ್ ನಿಲ್ಲಿಸಿ, "ಡ್ರೋನಿನವ ಮುಂದೆ ಇದ್ದಾನೆ, ಮೇಲಿನಿಂದ ಒಂದು ಶಾಟ್, ಎರಡೇ ನಿಮಿಷ" ಎಂದೆಯಲ್ಲ. ಎರಡಲ್ಲ, ನಾಲ್ಕು ನಿಮಿಷ ಆಯಿತು. ನೀನು ನನ್ನ ಕೈಕಾಲು ಕಟ್ಟಿರಲಿಲ್ಲ. ಬ್ರೇಕ್ ಹಾಕಿದ್ದು ನಾನು. ಕನ್ನಡಿಯಲ್ಲಿ ನೋಡಿ ಕೂದಲು ಬಾಚಿಕೊಂಡದ್ದೂ ನಾನೇ. ಹಿಂದಿನಿಂದ ಝುಹ್ರಾ, "ಯಾಕೆ ಅಣ್ಣ ನಿಂತದ್ದು?" ಎಂದು ಕೇಳಿದಳು. "ಮುಂದೆ ರೋಡ್ ಬ್ಲಾಕ್ ಉಂಟು" ಎಂದೆ. ಆ ನಾಲ್ಕು ನಿಮಿಷ ನಿಲ್ಲದೆ ಇದ್ದಿದ್ದರೆ ಮಗು ಉಳಿಯುತ್ತಿತ್ತಾ ಎಂದು ಯಾರನ್ನೂ ಕೇಳುವ ಧೈರ್ಯ ನನಗೆ ಇದುವರೆಗೆ ಆಗಿಲ್ಲ. ಹಿಂದಿನ ಕ್ಯಾಮೆರಾದಲ್ಲಿ ಅದೆಲ್ಲ ಇರುತ್ತದೆ. ಅಷ್ಟನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಕೊಡು ಎಂದು ಕೇಳಲಿಕ್ಕೆಂದೇ ಈ ಕಾಗದ ಶುರು ಮಾಡಿದ್ದೆ. ಕತ್ತರಿಸಬೇಡ. ಇದ್ದ ಹಾಗೇ ಕಳಿಸು. ಅವಳು ನೋಡುವ ಮೊದಲು ನಾನು ಅವಳ ಮನೆಗೆ ಹೋಗಿ ಹೇಳುತ್ತೇನೆ.