ನೈರೋಬಿಯಿಂದ ಲಾಗೋಸಿಗೆ

ಫೆಬ್ರುವರಿ 10, ಸೋಮವಾರ

ನಾ ಕೆಲಸ ಮಾಡೂ ರಿಸಾರ್ಟಿನ್ಯಾಗ ಇವತ್ತೂ ಅದೇ. ಬೆಂಗಳೂರಿನ ಗೆಸ್ಟ್ ಒಬ್ಬಾಕಿ ನನ್ನ ಗುಂಗುರು ಕೂದಲಾ, ಕರೇ ಮೈ ನೋಡಿ, ಯಾವ ದೇಶ ಅಂತ ಇಂಗ್ಲಿಷಿನ್ಯಾಗ ಕೇಳಿದಳು. ಹಳಿಯಾಳ ತಾಲೂಕು ಅಂದೆ. ನಕ್ಕಳು.

ಮನಿಗೆ ಬಂದರ ಅತ್ತಿ ಸುರು. ಫ್ಯಾಕ್ಟರಿ ಕೆಲಸಕ್ಕ ಹೋದ ನನ್ನ ಗಂಡ ಲಾಗೋಸಿನ ದವಾಖಾನಿಯೊಳಗ ಮಲಗಿ ವಾರ ಆತು. ಜ್ವರ ಅಂತಾರ. ವಿಡಿಯೋ ಕಾಲ್ ಮಾಡ್ರಿ ಅಂದರ ನೆಟ್ ಇಲ್ಲ ಅಂತಾರ. ನನ್ನ ತಮ್ಮ ಹರೀಶ ನೈರೋಬಿಯ ಹೋಟೆಲಿನ್ಯಾಗ ಅಡಿಗಿ ಮಾಡ್ತಾನ.

"ಇಬ್ಬರೂ ಆಫ್ರಿಕಾದಾಗ ಇದ್ದು, ನಿನ್ನ ತಮ್ಮಗ ಹೋಗಿ ನೋಡಾಕ ಆಗೂದಿಲ್ಲೇನು? ಹಳಿಯಾಳದಿಂದ ಮುಂಡಗೋಡಕ್ಕ ನಾವು ಹೋಗೂದಿಲ್ಲೇನು?"

ಮೊಬೈಲ್ ನೋಡಿ ಹೇಳಿದೆ. ನೈರೋಬಿಯಿಂದ ಲಾಗೋಸಿಗೆ ಮೂರು ಸಾವಿರದ ಎಂಟುನೂರು ಕಿಲೋಮೀಟರ್. ಇಲ್ಲಿಂದ ದಿಲ್ಲಿಗೆ ಹೋಗಿ ತಿರುಗಿ ಬಂದಷ್ಟು. ವಿಮಾನದಾಗ ಕುಂತರೂ ಐದು ತಾಸು. ವೀಸಾ ಬ್ಯಾರೆ. ಕೇಳಾಕ ತಯಾರಿಲ್ಲ. ಚಿಂತಿ ಆಕಿಗಷ್ಟೇ ಏನು? ಆಕಿಗೆ ಮಗ ಆದರ ನನಗ ಗಂಡ ಅಲ್ಲೇನು?

ಫೆಬ್ರುವರಿ 12

ಅತ್ತಿ ಹರೀಶಗ ಫೋನ್ ಹಚ್ಚಿ ಬೈದಾಳ. ಹೋಗ್ತೇನಿ ಅಂದಾನಂತ. ಬಾಜೂ ಮನಿ ಮಹಾದೇವಕ್ಕ ಅಂದಳು, ಆಫ್ರಿಕಾ ನಿಮ್ಮವರ ಊರೇ ಅಲ್ಲೇನು, ಚಿಂತಿ ಯಾಕ. ಹಿಂದೆಂದೋ ನಮ್ಮ ಹಿರೇರು ಅಲ್ಲಿಂದ ಬಂದಿರಬಹುದು, ನಮ್ಮಜ್ಜನ ಅಜ್ಜನೂ ಇದೇ ಕಾಡಿನ್ಯಾಗ ಹುಟ್ಟಿದಾವ.

ಫೆಬ್ರುವರಿ 13

ಮುಂಜಾನೆ ಒಂಬತ್ತಕ್ಕ ಹರೀಶನ ಫೋನ್, ನೈರೋಬಿಯಿಂದ. ಈಗ ಹೊಂಡ್ತೇನಿ ಅಂದ. ಹನ್ನೆರಡಕ್ಕ ಮತ್ತ ಮಾಡಿದ — ಲಾಗೋಸಿನ್ಯಾಗ ಭಾವನ ಬಾಜೂಕ ಅದೇನಿ, ಆರಾಮ ಅದಾರ. ಅತ್ತಿ ದೇವರಿಗೆ ಕೈ ಮುಗಿದಳು. ನನ್ನ ಮೈ ಉರೀತು. ಐದು ತಾಸಿನ ದಾರಿ ಮೂರು ತಾಸಿನ್ಯಾಗ ಹೆಂಗ ಮುಟ್ಟಿದ?

ಹೊರಗ ಹೋಗಿ ನಾನೇ ಹಚ್ಚಿದೆ. ಭಾವಗ ಫೋನ್ ಕೊಡು ಅಂದೆ. ಏನೇನೋ ನೆಪ ಹೇಳಿದ.

"ಹರ್‍ಯಾ, ನೀ ನೈರೋಬಿ ಬಿಟ್ಟೇ ಇಲ್ಲ."

"ವೀಸಾ ಸಿಗಲಿಲ್ಲ ಅಕ್ಕಾ. ಹಿಂಗ ಹೇಳು ಅಂತ ಭಾವನೇ ಹೇಳಿದರು."

ಯಾಕ ಅಂತ ಕೇಳಿದರ ಫೋನ್ ಇಟ್ಟುಬಿಟ್ಟ. ಇಬ್ಬರೂ ಸೇರಿ ನನ್ನ...

ಫೆಬ್ರುವರಿ 17, ಸೋಮವಾರ

ಬರಿಯಾಕ ಮನಸ್ಸಾಗಲಿಲ್ಲ. ಮುಖ ತೋರಸದಿದ್ದರ ಇನ್ನ ಫೋನೇ ಎತ್ತೂದಿಲ್ಲ ಅಂತ ಇವರಿಗೆ ಮೆಸೇಜ್ ಹಾಕಿದ್ದೆ. ನಿನ್ನೆ ವಿಡಿಯೋ ಕಾಲ್ ಬಂತು. ಮುಖ ತೋರಿಸಿದರು. ಆಮೇಲೆ ಬಲಗೈ. ಮೂರು ಬೆರಳಿಲ್ಲ.

ಜ್ವರ ಅಲ್ಲ, ಫ್ಯಾಕ್ಟರಿ ಮಷೀನು. ಊರಿಗೆ ತಿಳಿಸಿದರ ಕೆಲಸ ಹೋಗ್ತೈತಿ ಅಂತ ಕಂಪನಿಯವರು ಹೆದರಿಸ್ಯಾರ.

"ಅವ್ವಗ ಹೇಳಬ್ಯಾಡ. ಹರೀಶ ಬಂದು ನೋಡ್ಯಾನ ಅಂತ ತಿಳಕೊಂಡಿರಲಿ."

ಇನ್ನೊಂದು ಸುಳ್ಳು, ಅದೂ ನನ್ನ ಬಾಯಿಂದ. ಆಗೂದಿಲ್ಲ ಅಂದೆ. ಇವತ್ತು ಮುಂಜಾನೆ ಅತ್ತಿ ಮುಂದ ಕುಂತು ಎಲ್ಲಾ ಹೇಳಿದೆ. ಅಲ್ಲಿ ಯಾರೂ ಹೋಗಿಲ್ಲ ಅಂತಾನೂ. ಬೈತಾಳ ಅಂದಕೊಂಡಿದ್ದೆ. ಬೈಲಿಲ್ಲ. ತನ್ನ ಬಲಗೈ ಬೆರಳು ಮುಟ್ಟಿ ನೋಡಕೊಂಡಳು. ಆಮೇಲೆ, ಮಗನ್ನ ಲಾಗೋಸಿಗೆ ಕಳಿಸಿದ ಏಜೆಂಟನ ಆಫೀಸು ಎಲ್ಲೈತಿ ಅಂತ ಕೇಳಿದಳು. ಹುಬ್ಬಳ್ಳಿ ಅಂದೆ.

"ಅಲ್ಲಿಗಾದರೂ ಬಸ್ ಹೋಗ್ತೈತಲ್ಲ. ನಡಿ, ಹೋಗೂಣು."

ರಿಸಾರ್ಟಿಗೆ ಬರೂದಿಲ್ಲ ಅಂತ ಹೇಳಿಬಿಟ್ಟೆ. ಅತ್ತಿ ಚಪ್ಪಲಿ ಮೆಟ್ಟಿ ಬಾಗಲದಾಗ ನಿಂತು ಕರೀತಾಳ. ಆ ಏಜೆಂಟಗ ಮೊದಲ ಕೇಳೂದು — ಇವರ ಮೂರು ಬೆರಳಿಗೆ ಜವಾಬ್ದಾರಿ ಯಾರದು?