ಬೆಲೆ ಕೇಳಿದವಳಿಗೆ ಬಂದ ನೋಟಿಸು

ಹಳೆಯ ವಿಡಿಯೋ ಆಟಗಳ ಹಕ್ಕು ಕಾಯುವ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ನಮಗೆ ಮಾರಲು ಒಪ್ಪದ ಆಟವೊಂದರ ಬೆಲೆ ಎಷ್ಟೆಂದು ಕೇಳಿ ಬರೆದ ಹೆಣ್ಣುಮಗಳಿಗೆ ನೀವು ವಕೀಲರ ನೋಟಿಸು ಕಳಿಸಿದ್ದೀರಿ. ಅದರಿಂದಾಗಿ ಅವಳ ಕೆಲಸ ನಿಂತಿದೆ. ಕಂಪನಿಯ ಭಾರತದ ಕಚೇರಿ ಬೆಂಗಳೂರಿನಲ್ಲಿ ಇರುವುದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಲು ಬಾರದಿದ್ದರೆ ಯಾರಿಂದಲಾದರೂ ಅನುವಾದ ಮಾಡಿಸಿಕೊಳ್ಳಿ. ಅನುವಾದವೆಂದರೆ ಏನೆಂದು ತಿಳಿಯುವುದು ನಿಮಗೆ ತುರ್ತಾಗಿ ಬೇಕಾಗಿದೆ.

ನೀಲಗಿರಿಯ ಕೂಕಲ್ತೊರೈಯಿಂದ ಇನ್ನಷ್ಟು ಒಳಗೆ ಬಂದರೆ ನಮ್ಮ ಹಟ್ಟಿ. ಇಲ್ಲಿ ಎಲ್ಲರೂ ಸಣ್ಣ ಚಹಾ ಬೆಳೆಗಾರರು. ಕಿತ್ತ ಎಲೆಯನ್ನು ಸಂಘದ ಶೆಡ್ಡಿಗೆ ತಂದು ತೂಗಿಸಿ, ಫ್ಯಾಕ್ಟರಿಯ ಲಾರಿ ಬರುವವರೆಗೂ ಕಾಯಬೇಕು. ಲಾರಿ ಯಾವಾಗ ಬರುತ್ತದೆಂಬುದು ಅದನ್ನು ಓಡಿಸುವವನಿಗೂ ಗೊತ್ತಿರುವುದಿಲ್ಲ. ಆ ಕಾಯುವಿಕೆಗೆಂದು ಸಂಘವು ಬಹಳ ವರ್ಷಗಳ ಹಿಂದೆ ಕೂನೂರಿನ ಅಂಗಡಿಯಿಂದ ನಿಮ್ಮ ಕಂಪನಿಯ ಆಟದ ಪೆಟ್ಟಿಗೆಯನ್ನೂ ಕೆಲವು ಕ್ಯಾಸೆಟ್ಟುಗಳನ್ನೂ ಕೊಂಡಿತು. ಕೊಂಡಿತು ಎಂಬ ಮಾತನ್ನು ದಯವಿಟ್ಟು ಗಮನಿಸಿ. ಎಲ್ಲರಿಗೂ ಹಿಡಿಸಿದ್ದು ಒಂದೇ ಆಟ: ಕೊಕ್ಕರೆಯೊಂದು ಬೆಟ್ಟದಿಂದ ಬೆಟ್ಟಕ್ಕೆ ಹಾರಿ ಅಂಚೆ ಹಂಚುವ ಆಟ. ಅದರಲ್ಲಿ ನನ್ನ ಅತ್ತೆ ಚಿನ್ನಮ್ಮಾಳ್ ಅವರನ್ನು ಸೋಲಿಸಿದವರು ಯಾರೂ ಇಲ್ಲ. ಕೊಕ್ಕರೆ ಶಿಖರಕ್ಕೆ ತಾಗಿ ಬಿದ್ದರೆ ಅತ್ತೆ ಅದನ್ನೇ ಗದರಿಸುತ್ತಿದ್ದರು: "ಒಂದು ಕಾಗದ ಹೊರೋಕ ಇಷ್ಟು ಮೂಚ್ಚಾ, ಏದುಸಿರಾ ನಿನಗ? ನಾ ಎಲೆಮೂಟೆ ಹೊತ್ತು ಹತ್ತಿಲ್ಲೆಯಾ? ಏಳು!"

ನಮ್ಮಲ್ಲಿ ಮಂಜು ಇಳಿದರೆ ವಾರಗಟ್ಟಲೆ ಏಳುವುದಿಲ್ಲ. ಕ್ಯಾಸೆಟ್ಟುಗಳು ತೇವ ಹಿಡಿದು ಒಂದೊಂದಾಗಿ ಮುಷ್ಕರ ಹೂಡಿದವು. ಟೀ ಫ್ಯಾಕ್ಟರಿಯಲ್ಲಿ ಡ್ರೈಯರ್ ನೋಡಿಕೊಳ್ಳುವ ರಾಜೇಶ್‌ಕುಮಾರ್ ಅವನ್ನೆಲ್ಲ ಒಯ್ದು ಎಲೆಯ ಜೊತೆಗೆ ಡ್ರೈಯರಿನೊಳಗೆ ಕಳಿಸಿದ. ಎಲೆಯ ತೇವವೇ ಹೋಗುವಾಗ ಇದರ ಈರ ಹೋಗದೆ ಏನು ಮಾಡುತ್ತದೆ ಎಂಬುದು ಅವನ ಲೆಕ್ಕ. ಈರ ಹೋಯಿತು, ಜೊತೆಗೆ ಆಟಗಳೂ ಹೋದವು. ಹಪ್ಪಳದಂತೆ ಸೊಟ್ಟಗಾದ ಕೊಕ್ಕರೆಯ ಕ್ಯಾಸೆಟ್ಟನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿದರು.

"ಇದು ಯಾವ ಗ್ರೇಡ್ ಟೀ ಡಾ, ರಾಜೇಶು? ಡಸ್ಟಾ? ಕೂನೂರು ಹರಾಜಿಗ ಕಳಿಸೋಣವಾ?"

"ನಗಬೇಡಿ ಅತ್ತೆ, ನಾ ಒಳ್ಳೇದಕ್ಕೇ ಮಾಡಿದೆ."

"ಒಳ್ಳೇದಕ್ಕೇ ಮಾಡಿದೆ. ವಾಸನೆಯೂ ಚೆನ್ನಾಗಿ ಬಂದಿದೆ."

ಇಷ್ಟರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಿಮ್ಮದು ಶುರುವಾಗುವುದು ಇಲ್ಲಿಂದ. ನನ್ನ ತಮ್ಮನ ಮಗಳು ಸುಗನ್ಯಾ ಆ ಶೆಡ್ಡಿನಲ್ಲಿ ಎಲೆ ತೂಗುವವಳು. ತೂಕ ದಾಖಲಿಸುವ ಕಂಪ್ಯೂಟರೂ ಅವಳ ಸುಪರ್ದಿಯಲ್ಲಿದೆ. ಆ ಆಟವನ್ನು ಕಂಪ್ಯೂಟರಿನಲ್ಲಿ ಆಡುವಂತೆ ಮಾಡಿ ನೀವೇ ಮಾರುತ್ತಿದ್ದೀರೆಂದು ಅವಳು ಪತ್ತೆಹಚ್ಚಿದಳು. ಕೊಳ್ಳಲು ಹೋದಳು. "ನಿಮ್ಮ ಪ್ರದೇಶದಲ್ಲಿ ಈ ಉತ್ಪನ್ನ ಲಭ್ಯವಿಲ್ಲ" ಎಂಬ ಉತ್ತರ ಬಂತು. ಹಣ ಹಿಡಿದು ನಿಂತ ಗಿರಾಕಿಯ ಮುಖದ ಮೇಲೆ ಬಾಗಿಲು ಹಾಕುವ ವ್ಯಾಪಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಪ್ರದೇಶದ ದೋಷವೇನು? ಇಲ್ಲಿ ವಿದ್ಯುತ್ತಿಲ್ಲವೆಂದುಕೊಂಡಿರಾ? ನಮ್ಮ ಜಿಲ್ಲೆಯ ಎಮರಾಲ್ಡ್ ಅಣೆಕಟ್ಟೆಯ ನೀರಿನಿಂದ ವಿದ್ಯುತ್ತು ತಯಾರಾಗಿ ಹೋಗುವುದೇ ಇಲ್ಲಿಂದ.

ಆಮೇಲೆ ಅವಳು ಒಂದು ಎಮ್ಯುಲೇಟರನ್ನೂ ಆಟದ ಒಂದು ಪ್ರತಿಯನ್ನೂ ಅಂತರ್ಜಾಲದಿಂದ ಇಳಿಸಿಕೊಂಡಳು. ಎಮ್ಯುಲೇಟರ್ ಎಂಬುದು ಹಳೆಯ ಯಂತ್ರದ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುವ ತಂತ್ರಾಂಶ, ಅದರಲ್ಲಿ ಅಪರಾಧವಿಲ್ಲ. ಆಟದ ಪ್ರತಿಗೆ ಮಾತ್ರ ನಿಮ್ಮ ಒಪ್ಪಿಗೆ ಬೇಕಿತ್ತು. ಇದನ್ನು ನಾನು ಒಪ್ಪುತ್ತೇನೆ. ಅವಳೂ ಒಪ್ಪಿದಳು, ಅದೇ ಅವಳು ಮಾಡಿದ ತಪ್ಪು. ನಮ್ಮ ಹಟ್ಟಿಯಲ್ಲಿ ಒಂದು ರೂಢಿಯಿದೆ. ಪಕ್ಕದವರು ಊರಲ್ಲಿಲ್ಲದಾಗ ಅವರ ತೋಟದಿಂದ ಹೊರೆ ಹುಲ್ಲನ್ನೋ ಬಿತ್ತನೆಯ ಆಲೂಗೆಡ್ಡೆಯನ್ನೋ ತೆಗೆದುಕೊಂಡರೆ, ಅವರು ಮರಳಿದೊಡನೆ ಬಾಗಿಲಿಗೆ ಹೋಗಿ ಹೇಳಬೇಕು: ತೆಗೆದುಕೊಂಡಿದ್ದೇನೆ, ಏನು ಕೊಡಲಿ? ಹೇಳದೆ ಉಳಿದರೆ ಮಾತ್ರ ಅದು ಕಳವು. ಸುಗನ್ಯಾ ನಿಮ್ಮ ಬಾಗಿಲಿಗೂ ಬಂದು ಹಾಗೆಯೇ ಹೇಳಿದಳು. ತನ್ನ ಹೆಸರು, ವಿಳಾಸ, ಸಂಘದ ಹೆಸರು ಎಲ್ಲವನ್ನೂ ಬರೆದು, ಬೆಲೆ ತಿಳಿಸಿದರೆ ಕಳಿಸುತ್ತೇವೆ ಎಂದಳು. ನಿಮ್ಮ ವಕೀಲರು ಆ ವಿಳಾಸಕ್ಕೇ ನೋಟಿಸು ಕಳಿಸಿ, ಸಂಘಕ್ಕೂ ಒಂದು ಪ್ರತಿ ಹಾಕಿದರು. ತಾನೇ ಬಂದು ವಿಳಾಸ ಕೊಟ್ಟ ಕಳ್ಳಿಯನ್ನು ಪತ್ತೆಹಚ್ಚಿದ ಆ ವಕೀಲರ ಚಾಣಾಕ್ಷತನಕ್ಕೆ ಬಹುಮಾನವನ್ನೇನಾದರೂ ಕೊಟ್ಟಿರಾ? ಹೆಸರು ಹೇಳದೆ ಇಳಿಸಿಕೊಂಡವರು ಲೋಕದಲ್ಲಿ ಎಷ್ಟೋ ಜನ ಹಾಯಾಗಿದ್ದಾರೆ.

ನಾನು ಓದುವುದು ಹೆಚ್ಚಾಗಿ ಅನುವಾದಗೊಂಡ ಕಾದಂಬರಿಗಳನ್ನು. ಯಾವುದೋ ಹಿಮದ ನಾಡಿನ ಹೆಂಗಸು ತನ್ನ ನುಡಿಯಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದುತ್ತೇನೆ. ಅನುವಾದಕನು ಆ ಕಥೆಯನ್ನು ಕದ್ದಿರುವುದಿಲ್ಲ. ಅದು ನನ್ನ ತಲೆಯೊಳಗೆ ನಡೆಯುವಂತೆ ಮಾಡಿರುತ್ತಾನೆ. ಎಮ್ಯುಲೇಟರ್ ಮಾಡುವುದೂ ಇದನ್ನೇ: ಒಂದು ಯಂತ್ರಕ್ಕೆಂದು ಬರೆದ ಆಜ್ಞೆಗಳನ್ನು ಇನ್ನೊಂದು ಯಂತ್ರಕ್ಕೆ ಅರ್ಥ ಮಾಡಿಸುತ್ತದೆ. ಪ್ರಕಾಶಕರು ಅನುಮತಿ ಪಡೆಯುತ್ತಾರೆ, ಪುಸ್ತಕ ಅಂಗಡಿಗೆ ಬರುತ್ತದೆ, ನಾನು ಕೊಳ್ಳುತ್ತೇನೆ, ಬರೆದವಳಿಗೆ ಅವಳ ಪಾಲು ಹೋಗುತ್ತದೆ. ಮೂಲದ ಮೊದಲ ಮುದ್ರಣವನ್ನು ಹುಡುಕಿ ತಂದು, ಆ ಭಾಷೆ ಕಲಿತು ಓದು, ಇಲ್ಲವಾದರೆ ಕೋರ್ಟಿಗೆ ಬಾ ಎಂದು ನನಗೆ ಇದುವರೆಗೆ ಯಾರೂ ಹೇಳಿಲ್ಲ. ನೀವು ಹೇಳುತ್ತಿರುವುದು ಇದನ್ನೇ. ಆ ಪೆಟ್ಟಿಗೆಯನ್ನು ನೀವು ತಯಾರಿಸುವುದಿಲ್ಲ, ಕ್ಯಾಸೆಟ್ಟನ್ನೂ ತಯಾರಿಸುವುದಿಲ್ಲ, ರಿಪೇರಿಯನ್ನೂ ಮಾಡುವುದಿಲ್ಲ. ಆದರೂ ಅದರಲ್ಲೇ ಆಡಬೇಕು. ಪುಸ್ತಕದ ಅಂಗಡಿಯವನೊಬ್ಬ ಹೀಗೆ ನಡೆದುಕೊಂಡಿದ್ದರೆ ಅವನ ಮನೆಯವರು ವೈದ್ಯರನ್ನು ಕರೆಸುತ್ತಿದ್ದರು.

ಬೇರೆ ದೇಶಗಳಲ್ಲಿ ನೀವು ಕಂಪ್ಯೂಟರಿಗೆಂದು ಮಾರುವ ಪ್ರತಿಯ ಒಳಗೆ ಇರುವುದಾದರೂ ಏನು? ಎಮ್ಯುಲೇಟರ್ ಮತ್ತು ಹಳೆಯ ಆಟ, ಅಷ್ಟೇ. ಸುಗನ್ಯಾ ಮಾಡಿದ ಕೆಲಸವನ್ನೇ ನೀವು ಮಾಡಿ, ಮೇಲೊಂದು ಚಿತ್ರ ಅಂಟಿಸಿದ್ದೀರಿ. ಅಲ್ಲಿ ಅದು ಪರಂಪರೆಯ ಸಂರಕ್ಷಣೆ, ಇಲ್ಲಿ ಕಳ್ಳತನ. ನಿಮ್ಮ ನೋಟಿಸಿನಲ್ಲಿ "ಅಪಾರ ನಷ್ಟ" ಎಂಬ ಮಾತಿದೆ. ಮಾರದ ಸರಕಿನಿಂದ ನಷ್ಟವಾಗುವುದು ಹೇಗೆಂದು ನಮಗೂ ಕಲಿಸಿಕೊಡಿ. ನಾವು ಕೀಳದೆ ಬಿಟ್ಟ ಎಲೆಗೆ ಫ್ಯಾಕ್ಟರಿಯಿಂದ ಪರಿಹಾರ ಕೇಳಬಹುದು.

ನೋಟಿಸು ಬಂದ ಮೇಲೆ ಸಂಘದವರು ಹೆದರಿ ಆಟವನ್ನು ಅಳಿಸಿಹಾಕಿ, ಸುಗನ್ಯಾಳನ್ನು ಮನೆಯಲ್ಲೇ ಇರು ಎಂದರು. ಅಧ್ಯಕ್ಷರಾದ ರಾಜಾಮಣಿ ಕೆಟ್ಟವರಲ್ಲ. ಅವರೇ ಮನೆಗೆ ಬಂದು ಜಗಲಿಯಲ್ಲಿ ಕುಳಿತು ಒಂದು ದಾರಿ ಹೇಳಿದರು.

"ಒಂದು ವರಿ, ಒಂದೇ ಸಾಲು, ಬರೆದು ಕೊಡಮ್ಮಾ. ಅವರಿಗ ಕಳಿಸಿಬಿಡ್ತೀವಿ. ನಾಳೆಯೇ ಕೆಲಸಕ್ಕ ಬಾ."

"ಏನಂತ ಬರೀಲಿ, ಮಾಮಾ?"

"ಕದ್ದೆ, ಮನ್ನಿಸಿ ಅಂತ. ಚುಮ್ಮಾ, ಬರೀ ಒಂದು ಮಾತು. ಯಾರು ನೋಡ್ತಾರೆ?"

"ಹಟ್ಟಿ ನೋಡುತ್ತೆ, ಮಾಮಾ. ಕದ್ದೆ ಅಂತ ಕೈಯಾರೆ ಬರೆದು ಕೊಟ್ಟವಳ ಮುಂದೆ ನಾಳೆ ಎಲೆಮೂಟೆ ಇಡ್ವರಾ? ನಾ ಹೇಳಿದ ತೂಕ ಯಾರು ನಂಬ್ವರು?"

ರಾಜಾಮಣಿಯವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಈ ತಿಂಗಳ ಕೊನೆಗೆ ಸಂಘದ ಸಭೆಯಿದೆ. ಅಲ್ಲಿ ಅವಳ ಜಾಗಕ್ಕೆ ಬೇರೊಬ್ಬರನ್ನು ನೇಮಿಸುತ್ತಾರೆ.

ಆದ್ದರಿಂದ, ಮಾನ್ಯರೇ, ನಾನು ಕೇಳುವುದು ಇಷ್ಟು. ಆ ಆಟವನ್ನು ಕಂಪ್ಯೂಟರಿನಲ್ಲಿ ಆಡುವಂತೆ ನಮ್ಮ ಪ್ರದೇಶದಲ್ಲೂ ಮಾರಾಟಕ್ಕಿಡಿ. ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುತ್ತೇವೆ. ಇದಕ್ಕೆ ನಿಮಗೆ ಸಮಾಲೋಚನೆಗಳು, ಸಮಿತಿಗಳು, ಇನ್ನೂ ಏನೇನೋ ಬೇಕಾಗಬಹುದು; ಕಾಯುವುದು ನಮಗೆ ಅಭ್ಯಾಸವಿದೆ. ಕಾಯಲಾಗದ್ದು ಒಂದೇ. ಸಂಘದ ಸಭೆಗೆ ಮೊದಲು, ನಿಮ್ಮ ಸಹಿಯೊಂದಿಗೆ, ಸುಗನ್ಯಾ ಏನನ್ನೂ ಕದ್ದಿಲ್ಲ ಎಂಬ ಒಂದು ಸಾಲು ಬರಬೇಕು. ರಾಜಾಮಣಿಯವರು ಕೇಳಿದ ಸಾಲನ್ನು ಅವಳು ಬರೆಯುವುದಿಲ್ಲ. ಈ ಸಾಲನ್ನು ನೀವು ಬರೆಯಿರಿ.

ಇಂತಿ,
ನಿಮ್ಮಿಂದ ಸೌಜನ್ಯವನ್ನು ನಿರೀಕ್ಷಿಸದೆ, ಅಭ್ಯಾಸಬಲದಿಂದ ಮಾನ್ಯರೇ ಎಂದು ಬರೆದ
ನಂಜುಂಡನ್
ನೀಲಗಿರಿ ಜಿಲ್ಲೆ